ಹಾವಿನ ಆಹಾರವಾಗಿ ಇಲಿ: ಗುಣಪರೀಕ್ಷೆಯ ವಿಚಾರ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತನಿಗೆ ಇಲಿಯೆಂದರೆ ಶತ್ರು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಸೀಮೆಗೆ ಬತ್ತವನ್ನೂ ಕಬ್ಬನ್ನೂ ತಂದಿತು. ಅವುಗಳೊಡನೆ ವರ್ಷವಿಡೀ ತೇವವಿರುವ ಬದುಗಳೂ, ಮರೆಯಾಗಿ ನಿಲ್ಲುವ ಕಬ್ಬಿನ ತೋಟಗಳೂ ಬಂದುವು. ಇಲಿಗೆ ಇದಕ್ಕಿಂತ ಅನುಕೂಲವಾದ ನೆಲೆ ಬೇಕಿಲ್ಲ. ಇಂಥ ಸೀಮೆಯಲ್ಲಿ ಕುಳಿತು ‘ಒಳ್ಳೆಯ ಇಲಿ ಯಾವುದು, ಕೆಟ್ಟ ಇಲಿ ಯಾವುದು?’ ಎಂದು ವಿಚಾರಿಸುವುದು ಮೇಲುನೋಟಕ್ಕೆ ಹಾಸ್ಯಾಸ್ಪದವಾಗಿ ತೋರಬಹುದು. ಆದರೆ ಪ್ರಪಂಚದ ಅನೇಕ ದೇಶಗಳಲ್ಲಿ ಇಲಿಯು ಒಂದು ಪದಾರ್ಥವಾಗಿದೆ. ಹಾವುಗಳ ಆಹಾರಕ್ಕಾಗಿಯೇ ಅದನ್ನು ಸಾಕಿ, ಕೊಂದು, ಹೆಪ್ಪುಗಟ್ಟಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಪೊಟ್ಟಣಗಳಲ್ಲಿ ಮಾರುತ್ತಾರೆ. ಅಲ್ಲಿ ಗುಣಪರೀಕ್ಷೆಯ ಪ್ರಶ್ನೆ ನಿತ್ಯದ ಪ್ರಶ್ನೆ.

ನಮ್ಮಲ್ಲಿ ಈ ಪ್ರಶ್ನೆ ಏಳುವುದು ಬೇರೊಂದು ರೀತಿಯಲ್ಲಿ. ವಿದ್ಯಾರ್ಥಿಗಳು ನಮ್ಮನ್ನು ಪದೇ ಪದೇ ಕೇಳುವುದುಂಟು: ಗದ್ದೆಯ ತುಂಬ ಇಲಿಗಳಿರುವಾಗ, ಮೃಗಾಲಯದ ಹಾವಿಗಾಗಲಿ ಸಾಕಿದ ಹಾವಿಗಾಗಲಿ ಬೇರೆಡೆಯಿಂದ ಇಲಿಯನ್ನು ತರಿಸುವುದೇಕೆ? ಬೋನಿಗೆ ಬಿದ್ದ ಇಲಿಯನ್ನೇ ಶೀತಪೆಟ್ಟಿಗೆಯಲ್ಲಿಟ್ಟು ಕೊಡಬಾರದೇಕೆ? ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಹೇಳಬೇಕಾದರೆ, ಹಾವಿನ ದೃಷ್ಟಿಯಿಂದ ಇಲಿಯೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ತರುವಾಯ ಹೆಪ್ಪುಗಟ್ಟಿಸುವಿಕೆ ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ನೋಡಬೇಕು.

ಅದಕ್ಕೆ ಮುಂಚೆ ಕಾನೂನಿನ ಮಾತು ಒಂದಿಷ್ಟು ಅಗತ್ಯ. ನಾಗರಹಾವು, ಕೇರೆಹಾವು, ಹೆಬ್ಬಾವು, ಮಣ್ಣುಮುಕ್ಕ ಮುಂತಾದ ನಮ್ಮ ದೇಶದ ಹಾವುಗಳನ್ನು ಮನೆಯಲ್ಲಿ ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವಕಾಶ ಕೊಡುವುದಿಲ್ಲ. ಮನೆಯೊಳಗೆ ಸಿಕ್ಕ ಹಾವನ್ನು ‘ಎರಡು ದಿನ ಇಟ್ಟುಕೊಂಡು ಇಲಿ ಹಾಕಿ ನೋಡೋಣ’ ಎನ್ನುವುದೂ ಸಲ್ಲದು. ಅದನ್ನು ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ವಿದೇಶದ ಹಾವುಗಳ ಸಂಗತಿ ಬೇರೆ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಮುಂತಾಗಿ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ಸರ್ಕಾರಕ್ಕೆ ವರದಿಮಾಡಿ ನೋಂದಾಯಿಸಬೇಕೆಂದು 2022ರ ತಿದ್ದುಪಡಿಯೂ ಅದನ್ನು ಅನುಸರಿಸಿದ 2024ರ ನಿಯಮಗಳೂ ವಿಧಿಸಿವೆ. ಆದುದರಿಂದ ಪ್ರಕೃತ ವಿಚಾರ ಅನ್ವಯಿಸುವುದು ಮೃಗಾಲಯಗಳಿಗೆ, ಅನುಮತಿ ಪಡೆದ ಪುನರ್ವಸತಿ ಕೇಂದ್ರಗಳಿಗೆ, ಮತ್ತು ನೋಂದಾಯಿತವಾದ ವಿದೇಶೀ ಹಾವುಗಳನ್ನು ಸಾಕಿದವರಿಗೆ.

ಹಾವು ಅಗಿಯುವುದಿಲ್ಲ, ಆಯ್ದು ತಿನ್ನುವುದಿಲ್ಲ. ತಲೆಯಿಂದ ಬಾಲದವರೆಗೆ ಇಲಿಯನ್ನು ಇಡಿಯಾಗಿ ನುಂಗುತ್ತದೆ. ಮಾಂಸದಿಂದ ಸಸಾರಜನಕ, ಎಲುಬಿನಿಂದ ಸುಣ್ಣಾಂಶ, ಈಲಿಯಿಂದ ‘ಎ’ ಜೀವಸತ್ವ, ಚರ್ಮದಡಿಯ ಕೊಬ್ಬಿನಿಂದ ಶಕ್ತಿ, ಎಲ್ಲವೂ ಒಂದೇ ತುತ್ತಿನಲ್ಲಿ ದೊರೆಯುತ್ತವೆ. ಕೋಳಿಮಾಂಸದ ತುಂಡನ್ನು ಕೊಟ್ಟು ಹಾವನ್ನು ಸಾಕಲಾಗದಿರುವುದು ಇದರಿಂದಲೇ. ಎಲುಬೂ ಈಲಿಯೂ ಇಲ್ಲದ ಮಾಂಸ ಅದಕ್ಕೆ ಅರ್ಧ ಆಹಾರ. (ಹಾಲಿನ ವಿಷಯವನ್ನು ಇಲ್ಲಿ ಎತ್ತಬೇಕಾಗಿಲ್ಲ, ಅದು ಹಾವಿನ ಆಹಾರವೇ ಅಲ್ಲವೆಂಬುದನ್ನು ಪ್ರತಿ ನಾಗರಪಂಚಮಿಯಲ್ಲಿಯೂ ಹೇಳಿ ಹೇಳಿ ನಮ್ಮವರು ಸೋತಿದ್ದಾರೆ.) ಆದರೆ ಇಡಿಯಾಗಿ ನುಂಗುವ ಈ ಗುಣಕ್ಕೆ ಇನ್ನೊಂದು ಮುಖವಿದೆ. ಇಲಿಯ ಜಠರದಲ್ಲಿ ಏನಿತ್ತೋ, ಈಲಿಯಲ್ಲಿ ಏನು ಸಂಗ್ರಹವಾಗಿತ್ತೋ, ಕರುಳಿನಲ್ಲಿ ಯಾವ ರೋಗಾಣುಗಳಿದ್ದುವೋ ಅವೂ ಅದೇ ತುತ್ತಿನಲ್ಲಿ ಹಾವಿನ ಹೊಟ್ಟೆಯನ್ನು ಸೇರುತ್ತವೆ. ಮುಂದಿನ ವಿಚಾರವೆಲ್ಲ ಈ ಒಂದು ಸಂಗತಿಯನ್ನು ಅವಲಂಬಿಸಿದೆ.

ಇಲಿಯ ವಯಸ್ಸಿನೊಡನೆ ಅದರ ಸತ್ವವೂ ವ್ಯತ್ಯಾಸವಾಗುತ್ತದೆ. ಆಗತಾನೆ ಹುಟ್ಟಿದ ಚಿಟ್ಟಿಲಿಯ ಮರಿ ಒಂದೆರಡು ಗ್ರಾಂ ತೂಗುತ್ತದೆ. ಅದರಲ್ಲಿ ಹತ್ತರಲ್ಲಿ ಎಂಟು ಪಾಲು ನೀರು. ಎಲುಬುಗಳು ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಸುಣ್ಣಾಂಶ ಕಡಿಮೆ. ಬೆಳೆದ ಚಿಟ್ಟಿಲಿ 25ರಿಂದ 30 ಗ್ರಾಂ ತೂಗುತ್ತದೆ. ಅದರಲ್ಲಿ ನೀರು ಸುಮಾರು ಮೂರರಲ್ಲಿ ಎರಡು ಪಾಲು. ಒಣ ಅಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಸಸಾರಜನಕ, ನಾಲ್ಕನೆಯ ಒಂದು ಪಾಲಿನ ಹತ್ತಿರ ಕೊಬ್ಬು. ಮರಿ ಹಾಕಿ ಹಾಕಿ ಮುದಿಯಾದ ದೊಡ್ಡ ಇಲಿಗಳಲ್ಲಿ ಕೊಬ್ಬು ಇನ್ನೂ ಹೆಚ್ಚು. ಇವನ್ನೇ ಸದಾ ತಿಂದ ಹಾವು ಬೊಜ್ಜು ಬೆಳೆಸುತ್ತದೆ. ಆದಕಾರಣ ಪೊಟ್ಟಣದ ಮೇಲೆ ‘ದೊಡ್ಡದು’, ‘ಚಿಕ್ಕದು’ ಎಂದು ಬರೆದಿದ್ದರೆ ಸಾಲದು, ತೂಕ ಬರೆದಿರಬೇಕು. ಹಾವಿನ ಮೈಯ ಅತ್ಯಂತ ದಪ್ಪವಾದ ಭಾಗದಷ್ಟೇ, ಅಥವಾ ಅದಕ್ಕಿಂತ ತುಸು ಹೆಚ್ಚು ದಪ್ಪವಿರುವ ಇಲಿ ಯೋಗ್ಯವೆಂಬುದು ಸಾಮಾನ್ಯ ನಿಯಮ.

ಸಜೀವವಾದ ಇಲಿಯನ್ನೇ ಕೊಟ್ಟರೆ ಈ ತೊಡಕೇ ಇಲ್ಲವಲ್ಲ ಎಂದು ಕೇಳುವವರುಂಟು. ಪಂಜರದ ಮೂಲೆಗೆ ಸಿಕ್ಕಿದ ಇಲಿ ತನ್ನ ಜೀವಕ್ಕಾಗಿ ಹೋರಾಡುತ್ತದೆ; ಹಸಿವಿಲ್ಲದ ಹಾವನ್ನು ಕಚ್ಚಿ, ಕೆಲವೊಮ್ಮೆ ಬೆನ್ನೆಲುಬು ಕಾಣುವಷ್ಟು ಗಾಯಮಾಡುತ್ತದೆ. ಇಲಿಯ ಯಾತನೆಯೂ ಲಕ್ಷ್ಯಕ್ಕೆ ಬರತಕ್ಕದ್ದೇ. ನೋಟಗಾರರ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಕಟ್ಟಿಹಾಕಿ ಇನ್ನೊಂದಕ್ಕೆ ಬೇಟೆಯಾಗಿಸುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಪ್ರಕಾರ ಅಪರಾಧ. ಈ ಕಾರಣಗಳಿಂದಲೇ ಕೊಂದು ಹೆಪ್ಪುಗಟ್ಟಿಸಿದ ಇಲಿ ರೂಢಿಗೆ ಬಂದಿದೆ.

ಇನ್ನು ಹೆಪ್ಪುಗಟ್ಟಿದ ಇಲಿಯ ಪರೀಕ್ಷೆ. ಮೊದಲು ಬಣ್ಣವನ್ನು ನೋಡಬೇಕು. ಕೂದಲಿಲ್ಲದ ಮರಿ ನಸುಗೆಂಪಾಗಿರಬೇಕು. ಬೂದುಬಣ್ಣಕ್ಕೆ ತಿರುಗಿದ್ದರೆ ಹಳೆಯದು. ದೊಡ್ಡ ಇಲಿಯಲ್ಲಿ ಹೊಟ್ಟೆಯ ಭಾಗವನ್ನು ಗಮನಿಸಬೇಕು. ಪ್ರಾಣಿ ಸತ್ತ ಕೂಡಲೆ ಕರುಳಿನ ಸೂಕ್ಷ್ಮಜೀವಿಗಳು ಹದ್ದುಮೀರಿ ಹರಡತೊಡಗುತ್ತವೆ. ಮೊದಲು ಕೆಡುವುದು ಹೊಟ್ಟೆಯೇ. ಅಲ್ಲಿ ಹಸುರು ಛಾಯೆ ಕಂಡರೆ, ಹೊಟ್ಟೆ ಉಬ್ಬಿದ್ದರೆ ಅಥವಾ ಒಡೆದಿದ್ದರೆ, ಕೊಂದ ಮೇಲೆ ತಣಿಸುವುದರಲ್ಲಿ ವಿಳಂಬವಾಗಿದೆಯೆಂದು ತಿಳಿಯಬೇಕು. ಐವತ್ತು ಇಲಿಗಳನ್ನು ಒಂದೇ ಚೀಲದಲ್ಲಿ ತುಂಬಿ ಶೀತಪೆಟ್ಟಿಗೆಗೆ ಹಾಕಿದರೆ ನಡುವಿನವು ತಣಿಯುವ ವೇಳೆಗೆ ಕೆಟ್ಟಿರುತ್ತವೆ. ಹೊರಗಿನವನ್ನು ನೋಡಿ ಒಳಗಿನವನ್ನು ಅಳೆಯಲಾಗದು. ಒಂದೇ ಪದರವಾಗಿ ಹರಡಿ ಹೆಪ್ಪುಗಟ್ಟಿಸಿದ ಸರಕು ಮೇಲು. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಸಣ್ಣವಾಗಿ ಜೀವಕೋಶಗಳಿಗೆ ಹಾನಿ ಕಡಿಮೆ. ನಿಧಾನವಾದರೆ ಹರಳುಗಳು ದೊಡ್ಡವಾಗಿ ಕೋಶಗಳನ್ನು ಸೀಳುತ್ತವೆ. ಅಂಥ ಇಲಿ ಕರಗಿದಾಗ ಕೆಂಪುನೀರು ಬಹಳವಾಗಿ ಒಸರುತ್ತದೆ.

ಚೀಲದೊಳಗಿನ ಮಂಜನ್ನೂ ಓದಬೇಕು. ಇಲಿಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದು, ತಳದಲ್ಲಿ ಕೆಂಪುಬಣ್ಣದ ಮಂಜುಗಡ್ಡೆ ಗಟ್ಟಿಯಾಗಿದ್ದರೆ, ಸರಕು ನಡುವೆ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದೇ ಅರ್ಥ. ಕಿವಿ, ಬಾಲ, ಪಾದಗಳಲ್ಲಿ ಒಣಗಿದ ಬಿಳಿಯ ಮಚ್ಚೆಗಳಿದ್ದರೆ ಮಂಜು ನೇರವಾಗಿ ಆವಿಯಾಗಿ ಮೈ ಒಣಗಿದೆ. ಇದು ಗಾಳಿಯಾಡುವ ಚೀಲದ ಅಥವಾ ದೀರ್ಘ ಸಂಗ್ರಹದ ಗುರುತು. ಇದರಿಂದ ತಕ್ಷಣ ಅಪಾಯವಿಲ್ಲದಿದ್ದರೂ, ಗಾಳಿ ತಾಗಿದಲ್ಲಿ ಕೊಬ್ಬು ಕಮಟಾಗುತ್ತದೆ, ‘ಇ’ ಜೀವಸತ್ವ ನಶಿಸುತ್ತದೆ. ಕೊಬ್ಬು ಕಮಟಾಗುವ ಕ್ರಿಯೆ ಸೊನ್ನೆಯ ಕೆಳಗೆ 18 ಡಿಗ್ರಿಯಲ್ಲಿಯೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಅಷ್ಟೆ. ಆದುದರಿಂದ ಆರು ತಿಂಗಳೊಳಗೆ ಬಳಸುವುದು ಕ್ಷೇಮ. ಒಂದು ವರ್ಷ ಮೀರಿದ್ದನ್ನು ನಾವು ಒಪ್ಪುವುದಿಲ್ಲ.

ಬೇಸಗೆಯಲ್ಲಿ ವಿದ್ಯುತ್ತು ಗಂಟೆಗಟ್ಟಲೆ ಕೈಕೊಡುವ ಊರುಗಳಲ್ಲಿ ಒಂದು ಸುಲಭ ಉಪಾಯವನ್ನು ಅನುಸರಿಸಬಹುದು. ಸಣ್ಣ ಬಟ್ಟಲಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೊಂದು ನಾಣ್ಯವನ್ನಿಟ್ಟು ಶೀತಪೆಟ್ಟಿಗೆಯಲ್ಲಿ ಇಲಿಗಳ ಪಕ್ಕದಲ್ಲಿಡಬೇಕು. ಊರಿಗೆ ಹೋಗಿ ಬಂದಾಗ ನಾಣ್ಯ ಮೇಲೆಯೇ ಇದ್ದರೆ ಚಿಂತೆಯಿಲ್ಲ. ಮಂಜಿನ ನಡುವೆಯೋ ತಳದಲ್ಲಿಯೋ ಹುದುಗಿದ್ದರೆ ನಾವಿಲ್ಲದ ವೇಳೆಯಲ್ಲಿ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ. ಆ ಇಲಿಗಳನ್ನು ಹೂಳುವುದೇ ಲೇಸು.

ಕೊನೆಯ ಪರೀಕ್ಷೆ ಕರಗಿಸಿದ ಮೇಲೆ. ಇಲಿಯನ್ನು ಹಿಂದಿನ ರಾತ್ರಿಯೇ ತಂಗಳುಪೆಟ್ಟಿಗೆಯ ಕೆಳಭಾಗದಲ್ಲಿಟ್ಟು ನಿಧಾನವಾಗಿ ಕರಗಿಸಿ, ಕೊಡುವ ಮುನ್ನ ಚೀಲಸಮೇತ ಬಿಸಿನೀರಿನಲ್ಲಿಟ್ಟು ಸುಮಾರು 38 ಡಿಗ್ರಿಗೆ ತರಬೇಕು. ಹೆಬ್ಬಾವಿನ ಜಾತಿಯ ಹಾವುಗಳಿಗೆ ತುಟಿಯಲ್ಲಿ ಶಾಖವನ್ನರಿಯುವ ಗುಳಿಗಳಿವೆ. ತಣ್ಣಗಿನ ಇಲಿ ಅವುಗಳಿಗೆ ಇಲಿಯೆಂದೇ ತೋರುವುದಿಲ್ಲ. ಒಳಭಾಗ ಇನ್ನೂ ಮಂಜಾಗಿದ್ದರೆ ಹಾವಿನ ಜೀರ್ಣಕ್ರಿಯೆ ಹಿಂದೆಬಿದ್ದು, ಕೊಳೆಯುವಿಕೆ ಮುಂದಾಗಿ, ನುಂಗಿದ್ದನ್ನು ಅದು ಕಕ್ಕುತ್ತದೆ. ಕರಗಿದ ಇಲಿ ಒತ್ತಿದರೆ ಬಿಗಿಯಾಗಿರಬೇಕು, ಕೂದಲು ಎಳೆದರೆ ಕಿತ್ತು ಬರಬಾರದು, ಹುಳಿನಾತವಾಗಲಿ ಕೊಳೆನಾತವಾಗಲಿ ಇರಬಾರದು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸತಕ್ಕದ್ದಲ್ಲ. ಹೊಸ ಸರಕು ಬಂದಾಗ ಒಂದು ಇಲಿಯನ್ನು ಕತ್ತರಿಸಿ ನೋಡುವ ಪದ್ಧತಿ ಒಳ್ಳೆಯದು: ಈಲಿ ಕಂದುಗೆಂಪಾಗಿ ಗಟ್ಟಿಯಾಗಿದೆಯೇ, ಕೊಬ್ಬು ಬೆಳ್ಳಗಿದೆಯೇ ಹಳದಿಯೇ, ಕರುಳು ಇಡಿಯಾಗಿದೆಯೇ, ಎದೆಯ ಗೂಡಿನಲ್ಲಿ ರಕ್ತ ಮಡುಗಟ್ಟಿದೆಯೇ ಎಂಬುದನ್ನು ಗುರುತುಹಾಕಿಕೊಳ್ಳಬೇಕು. ಕಾಲೇಜುಗಳಲ್ಲಿ ಛೇದನಕ್ರಿಯೆ ನಿಂತುಹೋಗಿರುವ ಈ ಕಾಲದಲ್ಲಿ, ಆಹಾರಕ್ಕೆಂದು ಬಂದ ಸತ್ತ ಇಲಿಯ ಈ ಪರೀಕ್ಷೆ ವಿದ್ಯಾರ್ಥಿಗೆ ಬಹಳಷ್ಟನ್ನು ಕಲಿಸಬಲ್ಲುದು.

ಇಷ್ಟೆಲ್ಲ ಪರೀಕ್ಷೆಯಲ್ಲಿ ಉತ್ತೀರ್ಣವಾದ ಇಲಿಯಲ್ಲಿಯೂ ಕಣ್ಣಿಗೆ ಕಾಣದ ದೋಷಗಳಿರಬಹುದು. ಅವುಗಳಲ್ಲಿ ಮುಖ್ಯವಾದುದು ಸಾಲ್ಮೊನೆಲ್ಲ ಎಂಬ ರೋಗಾಣು. ಚಳಿ ಇದರ ಬೆಳವಣಿಗೆಯನ್ನು ತಡೆಯುತ್ತದೆ, ಇದನ್ನು ಕೊಲ್ಲುವುದಿಲ್ಲ. 2010ರಲ್ಲಿಯೂ 2014ರಲ್ಲಿಯೂ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹಾವಿನ ಆಹಾರಕ್ಕೆಂದು ಮಾರಿದ ಹೆಪ್ಪುಗಟ್ಟಿದ ಇಲಿಗಳಿಂದ ಈ ರೋಗ ಜನರಿಗೆ ಹರಡಿತು. ರೋಗಿಗಳಲ್ಲಿ ಮಕ್ಕಳೂ ಇದ್ದರು. ಹಾವಿಗೆ ಬಾಧೆಯಾಗದಿದ್ದರೂ, ಇಲಿಯನ್ನು ಅಡಿಗೆಮನೆಯ ತಂಗಳುಪೆಟ್ಟಿಗೆಯಲ್ಲಿಟ್ಟವರಿಗೆ, ಊಟದ ಪಾತ್ರೆಯಲ್ಲಿ ಕರಗಿಸಿದವರಿಗೆ ಬಾಧೆಯಾಯಿತು. ಇಲಿಗೆ ಬೇರೆ ಪೆಟ್ಟಿಗೆ, ಬೇರೆ ಪಾತ್ರೆ, ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವಿಕೆ ಎಂಬ ಮೂರು ನಿಯಮಗಳನ್ನು ಮೀರತಕ್ಕದ್ದಲ್ಲ. ಹುಳುಗಳ ಮರಿಗಳು ಬಹುಮಟ್ಟಿಗೆ ದೀರ್ಘಕಾಲದ ಹೆಪ್ಪಿನಲ್ಲಿ ಸಾಯುತ್ತವೆಂಬುದೊಂದು ಸಮಾಧಾನ.

ಈಗ ವಿದ್ಯಾರ್ಥಿಗಳ ಪ್ರಶ್ನೆಗೆ ಬರೋಣ. ನಮ್ಮ ಸೀಮೆಯ ಗದ್ದೆಬಯಲುಗಳಲ್ಲಿ ಕಾಣುವ ಇಲಿಗಳಲ್ಲಿ ಬಯಲು ಹೆಗ್ಗಣ, ಅಂದರೆ ಬ್ಯಾಂಡಿಕೋಟ ಬೆಂಗಾಲೆನ್ಸಿಸ್, ಎಲ್ಲಕ್ಕಿಂತ ಹೆಚ್ಚು ಹಾನಿಕರವಾದುದು. ಬತ್ತದ ತೆನೆಗಳನ್ನು ಕತ್ತರಿಸಿ ಬಿಲದೊಳಗೆ ಕೂಡಿಡುತ್ತದೆ. ಕಬ್ಬಿನ ಬುಡವನ್ನು ಕೊರೆಯುತ್ತದೆ. ಕೊರೆದ ಜಲ್ಲೆ ಹುಳಿಯೇರುವುದರಿಂದ ಆಲೆಮನೆಯಲ್ಲಿ ಬೆಲ್ಲದ ಪಾಕವೂ ಕೆಡುತ್ತದೆ. ಮೃದುವಾದ ತುಪ್ಪುಳಿನ ಮಿಲಾರ್ಡಿಯ ಮೆಲ್ಟಾಡ, ಚಿಕ್ಕ ಗದ್ದೆಯಿಲಿಯಾದ ಮಸ್ ಬೂಡುಗ, ಒಣಭೂಮಿಯನ್ನು ಬಯಸುವ ಟಟೇರ ಇಂಡಿಕ ಇವೂ ಉಂಟು. ಸತ್ವದ ದೃಷ್ಟಿಯಿಂದ ಇವುಗಳಲ್ಲಿ ಯಾವ ಕೊರತೆಯೂ ಇಲ್ಲ. ಧಾನ್ಯವನ್ನೂ ಹುಳುಹುಪ್ಪಟೆಗಳನ್ನೂ ತಿಂದು, ಓಡಾಡಿ ಬೆಳೆದ ಗದ್ದೆಯಿಲಿಯಲ್ಲಿ ಪಂಜರದ ಇಲಿಯಷ್ಟು ಕೊಬ್ಬೂ ಕೂಡಿರುವುದಿಲ್ಲ. ಕೇರೆಯೂ ನಾಗರವೂ ಕೊಳಕುಮಂಡಲವೂ ಇವನ್ನು ತಿಂದೇ ಬದುಕಿವೆ. ದೋಷವಿರುವುದು ಇಲಿಯ ಜಾತಿಯಲ್ಲಿ ಅಲ್ಲ, ಅದು ಏನನ್ನು ತಿಂದು ಬಂದಿದೆ ಎಂಬುದರಲ್ಲಿ.

ಇಲಿಯ ನಿವಾರಣೆಗೆ ನಮ್ಮಲ್ಲಿ ಬಳಕೆಯಲ್ಲಿರುವ ವಿಷಗಳಲ್ಲಿ ಮುಖ್ಯವಾದುವು ಎರಡು. ಮೊದಲನೆಯದು ಸತುವಿನ ಫಾಸ್ಫೈಡ್. ನುಚ್ಚು 96 ಪಾಲು, ಎಣ್ಣೆ 2 ಪಾಲು, ಈ ಕಪ್ಪುಬೂದು ಪುಡಿ 2 ಪಾಲು ಬೆರಸಿ ಬಿಲದ ಬಾಯಲ್ಲಿ ಇಡುತ್ತಾರೆ. ಇಲಿಯ ಜಠರದ ಆಮ್ಲದೊಡನೆ ಇದು ಸೇರಿದಾಗ ಫಾಸ್ಫೀನ್ ಎಂಬ ವಿಷಾನಿಲ ಹುಟ್ಟಿ, ಇಲಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಮಾಂಸದಲ್ಲಿ ವಿಷ ಹೆಚ್ಚಾಗಿ ಉಳಿಯುವುದಿಲ್ಲ. ಆದರೆ ಜಠರದಲ್ಲಿ ಕರಗದೆ ಉಳಿದ ಪುಡಿ ಹಾಗೆಯೇ ಇರುತ್ತದೆ. ಜಠರವನ್ನು ಬಿಟ್ಟು ತಿನ್ನುವ ಪ್ರಾಣಿಗೆ ಬದುಕುವ ಸಂಭವವುಂಟು. ಹಾವಿಗೆ ಆ ಆಯ್ಕೆಯಿಲ್ಲ. ಸತುವಿನ ಫಾಸ್ಫೈಡಿನಿಂದ ಸತ್ತಿರಬಹುದಾದ ಇಲಿಯ ಹೊಟ್ಟೆಯನ್ನು ಸೀಳಿ ಮೂಸಿ ನೋಡುವ ಸಾಹಸವನ್ನು ಯಾರೂ ಮಾಡಬಾರದು; ಆ ಅನಿಲ ಮನುಷ್ಯನಿಗೂ ಮಾರಕ.

ಎರಡನೆಯದು ಬ್ರೋಮಡಿಯೊಲೋನ್. ತಿನಿಸಿನಲ್ಲಿ ಇದರ ಪ್ರಮಾಣ ನೂರಕ್ಕೆ 0.005 ಮಾತ್ರ. ಇದು ‘ಕೆ’ ಜೀವಸತ್ವದ ಕಾರ್ಯವನ್ನು ತಡೆದು ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಳಗೊಳಗೇ ರಕ್ತ ಸುರಿದು ಇಲಿ ಸಾಯುತ್ತದೆ. ಆದರೆ ಸಾಯುವುದಕ್ಕೆ ಹಲವು ದಿನಗಳು ಹಿಡಿಯುತ್ತವೆ. ಆ ದಿನಗಳಲ್ಲಿ ಇಲಿ ಮತ್ತೆ ಮತ್ತೆ ತಿನಿಸಿಗೆ ಬರುತ್ತದೆ, ಅದರ ಈಲಿಯಲ್ಲಿ ವಿಷ ಶೇಖರವಾಗುತ್ತದೆ. ಕೊನೆಕೊನೆಗೆ ಮಂಕಾಗಿ, ಹಗಲಿನಲ್ಲಿಯೇ ಬದುವಿನ ಮೇಲೆ ತೂಕಡಿಸುತ್ತ ಕುಳಿತಿರುತ್ತದೆ. ಬರಿಗೈಯಲ್ಲಿ ಹಿಡಿಯಲು ಸಿಕ್ಕುವ ಇಲಿ ಇದೇ. ಸಾಯದೆ ಉಳಿದ ಇಲಿಯ ಈಲಿಯಲ್ಲಿಯೂ ಈ ವಿಷ ತಿಂಗಳುಗಟ್ಟಲೆ ನಿಲ್ಲುತ್ತದೆ. ಅಂಥ ಇಲಿ ನೋಡುವುದಕ್ಕೆ ಪುಷ್ಟವಾಗಿರುತ್ತದೆ, ಚುರುಕಾಗಿಯೇ ಬೋನಿಗೆ ಬೀಳುತ್ತದೆ. ಅದನ್ನು ಕತ್ತರಿಸಿ ನೋಡಿದರೂ ರಕ್ತ ಮಡುಗಟ್ಟಿರುವುದಿಲ್ಲ. ಮೇಲೆ ವಿವರಿಸಿದ ಬಣ್ಣ, ವಾಸನೆ, ಹೊಟ್ಟೆ, ಮಂಜು ಎಂಬ ಪರೀಕ್ಷೆಗಳಲ್ಲಿ ಒಂದೂ ಈ ದೋಷವನ್ನು ತೋರಿಸಲಾರದು. ಶೀತಪೆಟ್ಟಿಗೆಯ ಚಳಿ ವಿಷವನ್ನು ಕೆಡಿಸುವುದಿಲ್ಲ; ಮಾಂಸವನ್ನು ಕಾಪಾಡಿದಂತೆಯೇ ಅದನ್ನೂ ಕಾಪಾಡಿಡುತ್ತದೆ.

ಗದ್ದೆಯಿಲಿಯ ಮೂತ್ರದಿಂದ ಹರಡುವ ಇಲಿಜ್ವರದ ಅಪಾಯವನ್ನೂ ಇದಕ್ಕೆ ಸೇರಿಸಬೇಕು. ಕೆಸರುಗದ್ದೆಯಲ್ಲಿ ಬರಿಗಾಲಲ್ಲಿ ನಿಂತು ನಾಟಿಮಾಡುವವರಿಗೆ ಈ ಅಪಾಯ ಇದ್ದೇ ಇದೆ. ಇಲಿಯನ್ನು ಹಿಡಿದು, ಕೊಂದು, ಚೀಲಕ್ಕೆ ತುಂಬುವವನಿಗೆ ಅದು ಇನ್ನೂ ಹೆಚ್ಚು. ಆದುದರಿಂದ ನಮ್ಮ ಉತ್ತರ ಸ್ಪಷ್ಟ: ಹುಟ್ಟಿದಂದಿನಿಂದ ಏನು ತಿಂದಿದೆಯೆಂದು ಹೇಳಬಲ್ಲವರು ಇರುವ ಇಲಿ ಮಾತ್ರ ಸಾಕಿದ ಹಾವಿಗೆ ಯೋಗ್ಯ. ಅದಕ್ಕೆ ಸಾಕಿದ ಇಲಿಯೇ ಆಗಬೇಕು. ಗದ್ದೆಯಿಂದ ಬಂದ ಇಲಿ ಎಷ್ಟೇ ಪುಷ್ಟವಾಗಿರಲಿ, ಪುಕ್ಕಟೆಯಾಗಿರಲಿ, ಅದನ್ನು ತಿರಸ್ಕರಿಸಬೇಕು.

ಇಷ್ಟು ಹೇಳಿದ ಮೇಲೆ ಒಂದು ಮಾತು ಉಳಿಯುತ್ತದೆ. ಪಂಜರದ ಹಾವಿನ ಪರವಾಗಿ ಇಲಿಯನ್ನು ಪರೀಕ್ಷಿಸುವುದಕ್ಕೆ ನಾವಿದ್ದೇವೆ. ಬದುವಿನ ಕೇರೆಹಾವಿಗೆ ಅಂಥವರು ಯಾರೂ ಇಲ್ಲ. ಮಂಕಾಗಿ ಕುಳಿತ ಇಲಿಯೇ ಅದಕ್ಕೆ ಸುಲಭವಾದ ತುತ್ತು. ಈ ಜಾತಿಯ ವಿಷಗಳಿಂದ ಗೂಬೆಗಳು ಸಾಯುವುದನ್ನು ಅನೇಕ ದೇಶಗಳಲ್ಲಿ ಕಂಡುಕೊಂಡಿದ್ದಾರೆ. ಉರಗಗಳು ಹಕ್ಕಿಗಳಿಗಿಂತ ಇದನ್ನು ಹೆಚ್ಚು ತಾಳಿಕೊಳ್ಳುತ್ತವೆಂದು ತೋರುತ್ತದಾದರೂ, ಕಾಡುಹಾವುಗಳ ಈಲಿಯಲ್ಲಿ ಈ ವಿಷದ ಶೇಷ ದೊರೆತಿದೆ. ಒಂದು ಕಡೆ ಗೂಬೆ ಬಂದು ಕೂರಲೆಂದು ಗದ್ದೆಯ ನಡುವೆ ಅಡ್ಡಪಟ್ಟಿಯ ಕೋಲು ನೆಡುವುದು, ಇನ್ನೊಂದು ಕಡೆ ಅದೇ ಗದ್ದೆಯ ಬಿಲಗಳಿಗೆ ಬ್ರೋಮಡಿಯೊಲೋನ್ ಇಡುವುದು, ಎರಡೂ ಒಟ್ಟಿಗೆ ನಡೆಯುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ರೈತನು ವಿಷವನ್ನೇ ಬಿಡಬೇಕೆಂದು ಹೇಳುವ ಧೈರ್ಯ ನಮಗಿಲ್ಲ. ತೆನೆ ಕಟ್ಟುವ ವೇಳೆಗೆ ಹೆಗ್ಗಣ ಹೊಕ್ಕ ಗದ್ದೆಯನ್ನು ನೋಡಿದವರು ಹಾಗೆ ಹೇಳಲಾರರು. ಆದರೆ ಮಾಡಬಹುದಾದ ಕೆಲಸಗಳುಂಟು. ಬದುಗಳನ್ನು ಅಗಲ ಕಡಿಮೆಮಾಡಿ ಚೊಕ್ಕಟವಾಗಿಡುವುದು, ನಾಟಿಗೆ ಮುಂಚೆಯೇ ಊರಿನವರೆಲ್ಲ ಒಟ್ಟಾಗಿ ಬಿಲ ಅಗೆಯುವುದು, ತಂಜಾವೂರು ಸೀಮೆಯಲ್ಲಿ ಬಳಸುವ ಬಿದಿರಿನ ಬಿಲ್ಲುಬೋನಿನಂಥ ಸಾಧನಗಳನ್ನು ಒಡ್ಡುವುದು ಇವುಗಳಿಂದ ವಿಷದ ಅಗತ್ಯ ತಗ್ಗುತ್ತದೆ. ವಿಷ ಇಡಲೇಬೇಕಾದಲ್ಲಿ ಬಯಲಿನಲ್ಲಿ ಚೆಲ್ಲದೆ ಬಿಲದ ಒಳಕ್ಕೆ ಹಾಕಿ ಬಾಯಿ ಮುಚ್ಚಬೇಕು. ಸತುವಿನ ಫಾಸ್ಫೈಡ್ ಇಟ್ಟ ಮರುದಿನ ಬೆಳಗ್ಗೆ, ಬ್ರೋಮಡಿಯೊಲೋನ್ ಇಟ್ಟಿದ್ದರೆ ಎರಡು ವಾರ ಪ್ರತಿದಿನ, ಬಿಸಿಲೇರುವ ಮುನ್ನ ಬದುಗಳ ಮೇಲೆ ನಡೆದು, ಸತ್ತ ಇಲಿಗಳನ್ನು ಕೋಲಿನಿಂದ ಚೀಲಕ್ಕೆ ಹಾಕಿಕೊಂಡು, ನಾಲೆಯಿಂದ ದೂರದಲ್ಲಿ, ನಾಯಿ ಕೆದಕಲಾಗದಷ್ಟು ಆಳದಲ್ಲಿ ಹೂಳಬೇಕು.